21ನೇ ದಿನಕ್ಕೆ ಮತ್ತೆ ಬೆದೆ: ಇನ್ನೊಂದು ಹಾರ್ಮೋನ್ ಸೂಜಿ ಕೊಡಿಸಬೇಕೆ?

ಓದುಗರ ಪ್ರಶ್ನೆ: "ನಮ್ಮದು ಎಚ್‌ಎಫ್ ಮಿಶ್ರತಳಿ ಹಸು. ಮೂರನೇ ಕರು ಹಾಕಿ ಎಂಟು ತಿಂಗಳಾಯಿತು. ಆ ಸಲ ಮಾಸು ತಾನಾಗಿ ಬೀಳದೆ ಮಾರನೇ ದಿನ ಕೈ ಹಾಕಿ ತೆಗೆಸಿದ್ದೆವು. ಮೊದಮೊದಲು 20 ಲೀಟರ್ ಕೊಡುತ್ತಿದ್ದದ್ದು ಈಗ 12ಕ್ಕೆ ಇಳಿದಿದೆ. ಇದುವರೆಗೆ ನಾಲ್ಕು ಸಲ ಕೃತಕ ಗರ್ಭಧಾರಣೆ ಮಾಡಿಸಿದೆ. ಮೊದಲ ಮೂರು ಸಲವೂ 20–21ನೇ ದಿನಕ್ಕೆ ಸರಿಯಾಗಿ ಮತ್ತೆ ಬೆದೆಗೆ ಬಂತು. ಪ್ರತಿ ಸಲ ಎರಡನೇ ದಿನ ಬಾಲಕ್ಕೆ ಸ್ವಲ್ಪ ರಕ್ತ ಅಂಟಿರುತ್ತಿತ್ತು. ನಾಲ್ಕನೇ ಸಲ 'ಗಬ್ಬ ನಿಲ್ಲಿಸುವ ಸೂಜಿ' ಎಂದು 10ನೇ ಮತ್ತು 17ನೇ ದಿನ ಪ್ರೊಜೆಸ್ಟರಾನ್ ಕೊಡಿಸಿದೆವು. 21 ದಾಟಿತು, ನಿಂತಿತು ಎಂದುಕೊಂಡೆವು. 29ನೇ ದಿನ ಮತ್ತೆ ಬೆದೆ. ಲೋಳೆ ಈ ಸಲ ಸ್ವಲ್ಪ ಮಬ್ಬಾಗಿತ್ತು, ಹಾಗಾಗಿ ಸುಮ್ಮನಿದ್ದೇವೆ. ಒಬ್ಬರು ಅದೇ ಸೂಜಿ ಇನ್ನೂ ಜಾಸ್ತಿ ಕೊಡಿಸಿ ಅನ್ನುತ್ತಾರೆ, ಇನ್ನೊಬ್ಬರು ಗರ್ಭಕೋಶ ತೊಳೆಸಿ ಅನ್ನುತ್ತಾರೆ. ಮನೆಯಲ್ಲಿ 'ಸ್ಟೀರಾಯ್ಡ್ ಕೊಟ್ಟು ಗರ್ಭಕೋಶ ಕೆಡಿಸಿದಿರಿ, ಹಾಲಿಗೂ ಅದೇ ಬರುತ್ತದೆ' ಎಂದು ಬೈಗುಳ. ಏನು ಮಾಡಲಿ?"

ಉತ್ತರ: 29ನೇ ದಿನದ ಬೆದೆಗೆ ವೀರ್ಯ ಕೊಡಿಸದೆ ಸುಮ್ಮನಿದ್ದದ್ದು ಒಳ್ಳೆಯದೇ ಆಯಿತು. ಕಾರಣ ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನಿಜವಾಗಿ ಇರುವುದು ಎರಡು ಆತಂಕ. ಹಾರ್ಮೋನಿನಿಂದ ಗರ್ಭಕೋಶ ಕೆಟ್ಟಿತೇ ಎಂಬುದು ಒಂದು. ಕೆಡದಿದ್ದರೆ ಆ ಹಾರ್ಮೋನು ಏಕೆ ಕೆಲಸ ಮಾಡಲಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ: ಹಾರ್ಮೋನು ಬರೀ ಸುದ್ದಿ ತರುತ್ತದೆ. ಆ ಸುದ್ದಿ ಕೇಳಿಸಿಕೊಳ್ಳಬೇಕೋ ಬೇಡವೋ, ಕೇಳಿ ಏನು ಮಾಡಬೇಕು ಎಂಬುದನ್ನು ಆ ದಿನ ಗರ್ಭಕೋಶ ಯಾವ ಸ್ಥಿತಿಯಲ್ಲಿದೆ ಎಂಬುದೇ ತೀರ್ಮಾನಿಸುತ್ತದೆ.

'ಸ್ಟೀರಾಯ್ಡ್' ಎಂಬ ಹೆಸರಿಗೆ ಮೊದಲು ಹೆದರುವುದು ಬೇಡ. ಕೊಲೆಸ್ಟರಾಲ್‌ನಿಂದ ತಯಾರಾಗುವ, ಒಂದೇ ಬಗೆಯ ಅಣುಚೌಕಟ್ಟಿರುವ ಹಾರ್ಮೋನುಗಳ ಮನೆತನದ ಹೆಸರು ಅದು. ಉರಿಯೂತಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಆ ಮನೆತನದ್ದೇ. ಹಸುವಿನ ಅಂಡಾಶಯವೇ ದಿನಾ ತಯಾರಿಸುವ ಎಸ್ಟ್ರೊಜೆನ್, ಪ್ರೊಜೆಸ್ಟರಾನ್ ಕೂಡ ಅದೇ ಮನೆತನದವು. ಬೆದೆ ಬರುವುದು, ಗಬ್ಬ ನಿಲ್ಲುವುದು ಎರಡೂ ಇವುಗಳಿಂದಲೇ. ಕೆಡುಕಾಗುವುದು ತಪ್ಪು ದಿನ, ತಪ್ಪು ಸ್ಥಿತಿಯಲ್ಲಿ ಕೊಟ್ಟಾಗ.

ರಕ್ತ ಕಂಡರೆ ಗಬ್ಬ ಜಾರಿತೇ?

ಇಲ್ಲ. ಹಳ್ಳಿಹಳ್ಳಿಯಲ್ಲೂ ಇರುವ ತಪ್ಪು ತಿಳಿವಳಿಕೆ ಇದು. ಬೆದೆಯ ಹೊತ್ತಿಗೆ ಎಸ್ಟ್ರೊಜೆನ್ ಏರಿ, ಗರ್ಭಕೋಶದ ಒಳಪದರದ ಸಣ್ಣ ರಕ್ತನಾಳಗಳು ತುಂಬಿ ಉಬ್ಬಿರುತ್ತವೆ. ಬೆದೆ ಮುಗಿದು ಎಸ್ಟ್ರೊಜೆನ್ ಇಳಿದಾಗ ಆ ನಾಳಗಳಲ್ಲಿ ಕೆಲವು ಒಡೆದು, ಒಂದರಿಂದ ಮೂರು ದಿನದೊಳಗೆ ಲೋಳೆಯ ಜೊತೆ ರಕ್ತ ಹೊರಬರುತ್ತದೆ. ಗಬ್ಬ ನಿಂತ ಹಸುವಿನಲ್ಲೂ ಬರುತ್ತದೆ, ನಿಲ್ಲದ ಹಸುವಿನಲ್ಲೂ ಬರುತ್ತದೆ. ಅದು ಹೇಳುವುದು ಇಷ್ಟೇ: ಎರಡು ದಿನದ ಹಿಂದೆ ಹಸು ಬೆದೆಯಲ್ಲಿತ್ತು. ಬೆದೆ ತಪ್ಪಿಹೋದವರಿಗೆ ಇದು ಉಪಯುಕ್ತ ಗುರುತು. ರಕ್ತ ಕಂಡ ದಿನ ಬರೆದಿಟ್ಟುಕೊಂಡು 16ನೇ ದಿನದಿಂದಲೇ ಕಾಯತೊಡಗಿದರೆ ಮುಂದಿನ ಬೆದೆ ಕೈತಪ್ಪುವುದಿಲ್ಲ.

ಗರ್ಭಕೋಶದೊಳಗೆ ಆ 21 ದಿನ ಏನಾಗುತ್ತದೆ

ಹಾರ್ಮೋನು ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ. ಆದರೂ ಕೋಡಿಗಾಗಲೀ ಗೊರಸಿಗಾಗಲೀ ಬೆದೆಯ ಸುದ್ದಿ ತಟ್ಟುವುದಿಲ್ಲ, ಗರ್ಭಕೋಶಕ್ಕೆ ತಟ್ಟುತ್ತದೆ. ಷಿಕಾಗೊದಲ್ಲಿ ವಿಜ್ಞಾನಿ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಗೆ ವಿಕಿರಣದ ಗುರುತು ಹಾಕಿದ ಎಸ್ಟ್ರಾಡಿಯಾಲ್ ಎಂಬ ಎಸ್ಟ್ರೊಜೆನ್ ಅನ್ನು ಎಳೆ ಇಲಿಗಳಿಗೆ ಕೊಟ್ಟು ನೋಡಿದಾಗ, ಬೇರೆ ಅಂಗಗಳಿಂದ ಅದು ಬೇಗ ಕರಗಿಹೋಯಿತು, ಗರ್ಭಕೋಶ ಮಾತ್ರ ಹಿಡಿದಿಟ್ಟುಕೊಂಡಿತು. ಹಿಡಿದದ್ದು ಅಲ್ಲಿನ ಜೀವಕೋಶಗಳೊಳಗಿರುವ ರಿಸೆಪ್ಟರ್ ಎಂಬ ಪ್ರೋಟೀನು. ಹಾರ್ಮೋನು ಕೂತ ರಿಸೆಪ್ಟರ್ ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎಗೆ ಅಂಟಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಹೊಸ ಪ್ರೋಟೀನು ತಯಾರಾಗಿ ಕೆಲಸ ಶುರುವಾಗಲು ಗಂಟೆಗಳು, ಎಷ್ಟೋ ಸಲ ದಿನಗಳೇ ಬೇಕು. ಹಾಗಾಗಿ ಇವತ್ತು ಸೂಜಿ ಹಾಕಿಸಿ ಇವತ್ತೇ ಗರ್ಭಕೋಶ ತಯಾರಾಗಲಿ ಎನ್ನುವಂತಿಲ್ಲ.

ಬೆದೆಯ ಹೊತ್ತಿಗೆ ಅಂಡಾಶಯದ ಮೇಲೆ ನೀರುಗುಳ್ಳೆಯ ಹಾಗೆ ಬೆಳೆದ ಫಾಲಿಕಲ್ ಎಸ್ಟ್ರೊಜೆನ್ ಸುರಿಸುತ್ತದೆ. ಗರ್ಭಕೋಶ ಬಿಗಿಯಾಗುತ್ತದೆ, ಅದರ ಕೊರಳು ಸಡಿಲವಾಗುತ್ತದೆ, ಲೋಳೆ ಹರಿಯುತ್ತದೆ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಒಳಗೆ ಬರುತ್ತವೆ. ಜೊತೆಗೆ ಹೊರಗೆ ಕಾಣದ ಇನ್ನೊಂದು ಕೆಲಸವೂ ಆಗುತ್ತದೆ: ಮುಂದೆ ಬರಲಿರುವ ಪ್ರೊಜೆಸ್ಟರಾನನ್ನು ಕೇಳಿಸಿಕೊಳ್ಳುವ ರಿಸೆಪ್ಟರ್‌ಗಳನ್ನು ಎಸ್ಟ್ರೊಜೆನ್ ಹೆಚ್ಚಿಸುತ್ತದೆ. ನೆಲ ಹದ ಮಾಡಿದ ಮೇಲೆ ಬಿತ್ತನೆ. ಹದವಾಗದ ಗರ್ಭಕೋಶಕ್ಕೆ ಎಷ್ಟು ಪ್ರೊಜೆಸ್ಟರಾನ್ ಸುರಿದರೂ ಪೂರ್ತಿ ಫಲವಿಲ್ಲ.

ಅಂಡ ಬಿಡುಗಡೆಯಾದ ಜಾಗದಲ್ಲಿ ಹಳದಿ ಗಂಟು ಬೆಳೆಯುತ್ತದೆ; ವೈದ್ಯರು ಸಿಎಲ್ ಎನ್ನುವುದು ಇದನ್ನೇ. ಬೆದೆಯ ದಿನ ಒಂದು ಮಿಲಿ ರಕ್ತದಲ್ಲಿ ಒಂದು ನ್ಯಾನೊಗ್ರಾಂಗಿಂತ ಕಡಿಮೆ ಇದ್ದ ಪ್ರೊಜೆಸ್ಟರಾನ್, ಚಕ್ರದ ನಡುವಿಗೆ ಐದಾರು ನ್ಯಾನೊಗ್ರಾಂವರೆಗೆ ಏರುತ್ತದೆ. ನ್ಯಾನೊಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟು ಸಣ್ಣ ಪ್ರಮಾಣದಿಂದಲೇ ಕೊರಳು ಮುಚ್ಚುತ್ತದೆ, ಸ್ನಾಯು ಶಾಂತವಾಗುತ್ತದೆ, ಒಳಪದರದ ಗ್ರಂಥಿಗಳು ಭ್ರೂಣಕ್ಕೆ ಬೇಕಾದ ಪೋಷಕ ರಸ ಸುರಿಸತೊಡಗುತ್ತವೆ. ನಾಲ್ಕೈದನೇ ದಿನ ಗರ್ಭಕೋಶಕ್ಕೆ ಇಳಿದ ಭ್ರೂಣಕ್ಕೆ ಮುಂದಿನ ಎರಡು ವಾರ ಈ ರಸವೇ ಊಟ, ಏಕೆಂದರೆ ಅದು ಗರ್ಭಕೋಶಕ್ಕೆ ಅಂಟಿಕೊಳ್ಳಲು ಇನ್ನೂ ಸಮಯವಿದೆ.

ಒಳಪದರ ಹಾರ್ಮೋನನ್ನು ಹಿಡಿಯುವುದಷ್ಟೇ ಅಲ್ಲ, ಅರಗಿಸಿಯೂ ಬಿಡುತ್ತದೆ. ಹಂದಿಯಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ: ಪ್ರೊಜೆಸ್ಟರಾನ್ ಆಳುವ ದಿನಗಳಲ್ಲಿ ಅದರ ಗರ್ಭಕೋಶ ಒಂದು ಕಿಣ್ವವನ್ನು ಹೆಚ್ಚು ತಯಾರಿಸಿ, ಎಸ್ಟ್ರೊಜೆನ್‌ಗೆ ಸಲ್ಫೇಟ್ ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ರಕ್ತದಲ್ಲಿ ಹಾರ್ಮೋನು ಇಷ್ಟಿದೆ ಎಂಬ ಲೆಕ್ಕ ಒಂದು, ಗರ್ಭಕೋಶಕ್ಕೆ ತಟ್ಟಿದ್ದು ಇಷ್ಟು ಎಂಬ ಲೆಕ್ಕ ಇನ್ನೊಂದು ಎಂದು ಹೇಳುವುದು ಇದಕ್ಕೇ.

ಈಗ ನಿಮ್ಮ 21ನೇ ದಿನದ ವಿಷಯ. ಪ್ರೊಜೆಸ್ಟರಾನ್ ಹತ್ತು ಹನ್ನೆರಡು ದಿನ ಸತತವಾಗಿ ಇದ್ದರೆ ಒಳಪದರ ತನ್ನ ಪ್ರೊಜೆಸ್ಟರಾನ್ ರಿಸೆಪ್ಟರ್‌ಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಹಾರ್ಮೋನು ಇದ್ದರೂ ಅದಕ್ಕೆ ಕಿವಿ ಮಂದವಾದ ಹಾಗೆ. ಆಗ ಎಸ್ಟ್ರೊಜೆನ್ ರಿಸೆಪ್ಟರ್, ಅದರ ಬೆನ್ನಿಗೇ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಿನ ರಿಸೆಪ್ಟರ್ ತಲೆ ಎತ್ತುತ್ತವೆ. 16–17ನೇ ದಿನದ ಸುಮಾರಿಗೆ ಆಕ್ಸಿಟೋಸಿನ್ ತಟ್ಟಿದಾಗಲೆಲ್ಲ ಗರ್ಭಕೋಶ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಿಡುತ್ತದೆ. ಅದು ಗರ್ಭಕೋಶದ ರಕ್ತನಾಳದಿಂದ ಪಕ್ಕದ ಅಂಡಾಶಯದ ರಕ್ತನಾಳಕ್ಕೆ ನೇರವಾಗಿ ಸೋಸಿ ಹೋಗಿ ಹಳದಿ ಗಂಟನ್ನು ಕರಗಿಸುತ್ತದೆ. ಗಂಟು ಕರಗಿತು, ಪ್ರೊಜೆಸ್ಟರಾನ್ ಬಿತ್ತು, 21ಕ್ಕೆ ಬೆದೆ. ಹಳದಿ ಗಂಟಿನ ಆಯಸ್ಸನ್ನು ಗರ್ಭಕೋಶ ಅಳೆಯುತ್ತದೆ ಎಂಬ ಸುಳಿವು 1923ರಲ್ಲೇ ಸಿಕ್ಕಿತ್ತು: ವಿಜ್ಞಾನಿ ಲಿಯೊ ಲೋಬ್ ಗಿನಿಹಂದಿಗಳ ಗರ್ಭಕೋಶ ತೆಗೆದಾಗ ಅವುಗಳ ಹಳದಿ ಗಂಟು ಕರಗದೆ ಉಳಿದುಕೊಂಡಿತು. ನಾಯಿಯಲ್ಲಿ ಈ ಏರ್ಪಾಡು ಇಲ್ಲ. ಗಬ್ಬವಿರಲಿ ಇಲ್ಲದಿರಲಿ ಪ್ರೊಜೆಸ್ಟರಾನ್ ಎರಡು ತಿಂಗಳು ಇದ್ದೇ ಇರುತ್ತದೆ. ವಯಸ್ಸಾದ ಹೆಣ್ಣು ನಾಯಿಗಳ ಗರ್ಭಕೋಶದಲ್ಲಿ ಕೀವು ತುಂಬುವುದಕ್ಕೆ ದೊಡ್ಡ ಕಾರಣ ಅದೇ.

ಹಸುವಿನ ಭ್ರೂಣ ಈ ಕರಗುವಿಕೆಯನ್ನು ತಡೆಯಲೇಬೇಕು. ಏಳನೇ ದಿನ ಕಣ್ಣಿಗೆ ಚುಕ್ಕಿಯಷ್ಟಿದ್ದದ್ದು 16–17ನೇ ದಿನಕ್ಕೆ ಒಂದು ಗೇಣಿನಷ್ಟು ಉದ್ದದ ದಾರವಾಗಿ, ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನು ಬಿಟ್ಟು, ಆ ಎರಡು ರಿಸೆಪ್ಟರ್‌ಗಳು ತಲೆ ಎತ್ತದಂತೆ ನೋಡಿಕೊಳ್ಳುತ್ತದೆ. ಬೆಳವಣಿಗೆ ಹಿಂದೆ ಬಿದ್ದ ಭ್ರೂಣದ ಸಂದೇಶ ಸಾಲುವುದಿಲ್ಲ. ಆಗ ಗರ್ಭಕೋಶ ಖಾಲಿ ಇದೆ ಎಂದೇ ತಿಳಿದು ಬೆದೆಗೆ ದಾರಿ ಮಾಡುತ್ತದೆ. ಹೀಗಾಗಿ 21ಕ್ಕೆ ಬೆದೆ ಬಂದರೆ ಗಬ್ಬವೇ ಕಟ್ಟಲಿಲ್ಲ ಎಂದು ಅರ್ಥವಲ್ಲ; ಕಟ್ಟಿ, 16ನೇ ದಿನದೊಳಗೆ ಭ್ರೂಣ ಹೋಗಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ನಾಲ್ಕನೇ ಸಲ ಏನಾಯಿತು

ಭ್ರೂಣದ ಬೆಳವಣಿಗೆಗೆ ಪ್ರೊಜೆಸ್ಟರಾನಿನ ಆಸರೆ ಹೆಚ್ಚು ಬೇಕಿರುವುದು ಐದನೇ ದಿನದಿಂದ. ನೀವು ಮೊದಲ ಸೂಜಿ ಹಾಕಿಸಿದ್ದು ಹತ್ತನೇ ದಿನ. ಅಷ್ಟು ಹೊತ್ತಿಗೆ ಹಿಂದೆ ಬೀಳಬೇಕಾದ ಭ್ರೂಣ ಬಿದ್ದಾಗಿರುತ್ತದೆ. 17ನೇ ದಿನದ ಸೂಜಿಯೂ ಗಬ್ಬ ನಿಲ್ಲಿಸಿದ್ದಲ್ಲ, ಬೆದೆ ನಿಲ್ಲಿಸಿದ್ದು. ಎಣ್ಣೆಯಲ್ಲಿ ಕರಗಿಸಿದ ಈ ಔಷಧಿ ಸ್ನಾಯುವಿನಿಂದ ನಿಧಾನವಾಗಿ ಬಿಡುತ್ತಾ ವಾರಕ್ಕೂ ಮೇಲ್ಪಟ್ಟು ಇರುತ್ತದೆ. ಒಳಗಿನ ಹಳದಿ ಗಂಟು ಎಂದಿನ ದಿನಕ್ಕೇ ಕರಗಿದ್ದರೂ, ಹೊರಗಿನಿಂದ ಬಂದ ಹಾರ್ಮೋನು ಬೆದೆಯನ್ನು ಹಿಡಿದಿಟ್ಟಿತು. ಅದು ತೀರಿದಾಗ 29ಕ್ಕೆ ಬೆದೆ. ಭ್ರೂಣ ಸ್ವಲ್ಪ ತಡವಾಗಿ ಸತ್ತರೂ ಹೀಗೇ ದಿನ ಮುಂದೆ ಹೋಗುತ್ತದೆ ಎಂಬುದು ನಿಜ. ಆದರೆ ಸೂಜಿಯ ದಿನಗಳನ್ನು ನೋಡಿದರೆ ಮೊದಲನೆಯದೇ ಹೆಚ್ಚು ಸಂಭವ.

ಇಂಥ ಬೆದೆಗೆ ವೀರ್ಯ ಕೊಡಿಸಬಾರದು. ಸೂಜಿಯ ಕಡಿಮೆ ಪ್ರೊಜೆಸ್ಟರಾನ್ ಅಂಡವನ್ನು ಬಿಡಗೊಡುವುದಿಲ್ಲ, ಹಳೆಯ ಫಾಲಿಕಲ್ಲನ್ನು ಕರಗಲೂ ಬಿಡುವುದಿಲ್ಲ. ಅದು ದಿನಗಟ್ಟಲೆ ಕೂತೇ ಇರುತ್ತದೆ, ಒಳಗಿನ ಅಂಡ ಹಳತಾಗುತ್ತದೆ. ಹಾಗೆ ಕಾದ ಅಂಡದಿಂದ ಒಳ್ಳೆಯ ಭ್ರೂಣ ಸಿಗುವುದು ಕಡಿಮೆ.

ನನಗೆ ಹೆಚ್ಚು ಯೋಚನೆ ತಂದದ್ದು ಕೈ ಹಾಕಿ ತೆಗೆಸಿದ ಮಾಸು ಮತ್ತು ಮಬ್ಬು ಲೋಳೆ. ಬಲವಂತವಾಗಿ ಮಾಸು ಕಿತ್ತಾಗ ಒಳಪದರಕ್ಕೆ ಗಾಯವಾಗಿ ಸೋಂಕು ಉಳಿದುಬಿಡಬಹುದು. ಪ್ರೊಜೆಸ್ಟರಾನ್ ಭ್ರೂಣವನ್ನು ಪರಕೀಯವೆಂದು ತಳ್ಳದಿರಲಿ ಎಂದೇ ಗರ್ಭಕೋಶದ ರಕ್ಷಣಾ ಶಕ್ತಿಯನ್ನು ತಗ್ಗಿಸುತ್ತದೆ, ಕೊರಳನ್ನೂ ಮುಚ್ಚುತ್ತದೆ. ಗಬ್ಬಕ್ಕೆ ವರವಾದದ್ದೇ ಸೋಂಕಿಗೂ ವರ. ಸಣ್ಣ ಉರಿಯೂತ ಇದ್ದ ಗರ್ಭಕೋಶಕ್ಕೆ ಎರಡು ವಾರ ಹೆಚ್ಚುವರಿ ಪ್ರೊಜೆಸ್ಟರಾನ್ ಕೊಟ್ಟಾಗ ಲೋಳೆ ಮಬ್ಬಾದದ್ದು ಆಶ್ಚರ್ಯವಲ್ಲ. ಗರ್ಭಕೋಶ ಕೆಟ್ಟಿಲ್ಲ, ಮೊದಲೇ ಇದ್ದ ತೊಂದರೆಗೆ ಅವಕಾಶ ಸಿಕ್ಕಿದೆ. ಅದೇ ಸೂಜಿಯನ್ನು 'ಇನ್ನೂ ಜಾಸ್ತಿ' ಕೊಡುವುದು ಈಗ ಖಂಡಿತ ಬೇಡ.

ಈಗ ಮಾಡಬೇಕಾದದ್ದು

ಮುಂದಿನ ಬೆದೆಯ ಲೋಳೆಯನ್ನು ನೀವೇ ನೋಡಿ. ಹಸು ಮಲಗೆದ್ದಾಗ ಬೀಳುವ ಲೋಳೆಯನ್ನು ತೊಳೆದ ಅಂಗೈಯಲ್ಲೋ ಕಪ್ಪು ಬಣ್ಣದ ತಟ್ಟೆಯಲ್ಲೋ ಹಿಡಿದು, ಬೆಳಕಿಗೆ ತಿರುಗಿಸಿ. ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಎರಡು ಬೆರಳಿನ ನಡುವೆ ಎಳೆದರೆ ಕಡಿಯದೆ ದಾರವಾಗಬೇಕು. ಅಕ್ಕಿನುಚ್ಚಿನಂಥ ಬಿಳಿ ಚೂರು, ಮೊಸರಿನ ಎಳೆ, ವಾಸನೆ ಇದ್ದರೆ ಸೋಂಕು. ತಿಳಿಯಾಗಿ ಕಂಡರೂ ಕಣ್ಣಿಗೆ ಕಾಣದ ಉರಿಯೂತ ಇರಬಹುದು. ಅದಕ್ಕೆ ಪಶುವೈದ್ಯರಲ್ಲಿ ವೈಟ್‌ಸೈಡ್ ಪರೀಕ್ಷೆ ಕೇಳಿ: ಕೊರಳಿನಿಂದ ತೆಗೆದ ಒಂದು ಮಿಲಿ ಲೋಳೆಗೆ ಅಷ್ಟೇ ಪ್ರಮಾಣದ ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಕುದಿಯುವವರೆಗೆ ಕಾಯಿಸುತ್ತಾರೆ. ಆರಿದ ಮೇಲೆ ಬಣ್ಣವಿಲ್ಲದಿದ್ದರೆ ಸರಿ. ಹಳದಿ ಗಾಢವಾದಷ್ಟೂ ಬಿಳಿ ರಕ್ತಕಣ ಹೆಚ್ಚು ಎಂದರ್ಥ. ಆ ದ್ರಾವಣ ಚರ್ಮ, ಕಣ್ಣು ಸುಡುತ್ತದೆ, ಮನೆಯಲ್ಲಿ ಪ್ರಯತ್ನಿಸಬೇಡಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳು ಹತ್ತಿರವಿದ್ದರೆ ಸ್ಕ್ಯಾನಿಂಗ್‌ಗೆ ವಿಚಾರಿಸಿ.

ಸೋಂಕು ಖಚಿತವಾದರೆ ಪ್ರೋಸ್ಟಾಗ್ಲಾಂಡಿನ್ ಮೊದಲ ಆಯ್ಕೆ. ಆ ಗುಂಪಿನ ಔಷಧಿ ಕ್ಲೋಪ್ರೊಸ್ಟೆನಾಲ್ 500 ಮೈಕ್ರೊಗ್ರಾಂ, ಅಂದರೆ ಮಿಲಿಗೆ 250 ಇರುವ ಔಷಧಿಯಾದರೆ 2 ಮಿಲಿ, ಸ್ನಾಯುವಿಗೆ. ಹಳದಿ ಗಂಟು ಕರಗಿ 3–5 ದಿನದಲ್ಲಿ ಬೆದೆ ಬರುತ್ತದೆ, ಕೊರಳು ತೆರೆಯುತ್ತದೆ, ಹಸುವಿನ ಸ್ವಂತ ಎಸ್ಟ್ರೊಜೆನ್ನೇ ಗರ್ಭಕೋಶವನ್ನು ತೊಳೆಯುತ್ತದೆ. ಬೆದೆಯಾದ ಮೊದಲ ಐದು ದಿನದೊಳಗೆ ಕೊಟ್ಟರೆ ಎಳೆಯ ಗಂಟು ಬಗ್ಗುವುದಿಲ್ಲ, ಸೂಜಿ ದಂಡ. 10–12 ದಿನ ಕಳೆದು, ಗಂಟು ಇದೆಯೆಂದು ವೈದ್ಯರು ಕೈಯಾಡಿಸಿ ನೋಡಿದ ಮೇಲೆ ಕೊಡಿಸಿ. ಆ ಬೆದೆಗೆ ವೀರ್ಯ ಬೇಡ, ಲೋಳೆ ತಿಳಿಯಾಯಿತೇ ಎಂದಷ್ಟೇ ನೋಡಿ. ಗಬ್ಬದ ಹಸುವಿಗೆ ಬಿದ್ದರೆ ಕಂದು ಹಾಕುತ್ತದೆ. ಇದು ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ; ಬಸುರಿಯರು, ಉಬ್ಬಸ ಇರುವವರು ಆ ಬಾಟಲಿ ಮುಟ್ಟಲೇಬಾರದು.

ಗರ್ಭಕೋಶ ತೊಳೆಸುವುದರ ಬಗ್ಗೆ: ಅಯೋಡಿನ್‌ನಂಥ ದ್ರಾವಣ ಗಟ್ಟಿಯಾದರೆ ಒಳಪದರವನ್ನೇ ಸುಡುತ್ತದೆ, ರಿಸೆಪ್ಟರ್ ಇರುವ ಜೀವಕೋಶಗಳೇ ಹೋದರೆ ಕೇಳಿಸಿಕೊಳ್ಳುವವರು ಯಾರು? ಆ್ಯಂಟಿಬಯೋಟಿಕ್ ಬೇಕಾದರೆ ಲೋಳೆಯ ಪರೀಕ್ಷೆಯ ಆಧಾರದ ಮೇಲೆ ವೈದ್ಯರು ಆರಿಸಲಿ.

'ಬೆದೆಗೆ ತರುವ ಸೂಜಿ' ಎಂದು ಎಸ್ಟ್ರೊಜೆನ್ ಕೊಡುವವರೂ ಇದ್ದಾರೆ. ಬೆದೆಯ ಲಕ್ಷಣ ಕಾಣುತ್ತದೆ, ಅಂಡ ಬಿಡುಗಡೆಯಾಗಿರುವುದಿಲ್ಲ; ಅಂಡಾಶಯದಲ್ಲಿ ನೀರುಗುಳ್ಳೆ ಉಳಿದುಕೊಳ್ಳುವ ಅಪಾಯ ಬೇರೆ. ತಾನಾಗಿ ಬೆದೆಗೆ ಬರುವ ನಿಮ್ಮ ಹಸುವಿಗೆ ಅದರ ಅಗತ್ಯವೇ ಇಲ್ಲ. ಬೂಷ್ಟು ಹಿಡಿದ ಮೆಕ್ಕೆಜೋಳ ಹಾಕುತ್ತಿದ್ದರೆ ಅದನ್ನೂ ನಿಲ್ಲಿಸಿ. ಅದರಲ್ಲಿ ಬೆಳೆಯುವ ಒಂದು ಶಿಲೀಂಧ್ರದ ವಿಷ, ಜಿಯರಲೆನೋನ್, ಎಸ್ಟ್ರೊಜೆನ್‌ನ ಜಾಗದಲ್ಲೇ ಹೋಗಿ ಕೂರುತ್ತದೆ.

ಲೋಳೆ ತಿಳಿಯಾದ ನಂತರದ ಬೆದೆಗೆ ವೀರ್ಯ ಕೊಡಿಸಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಹಸು ಸುಮ್ಮನೆ ನಿಂತು ಬೇರೆ ಹಸುವನ್ನು ಹತ್ತಿಸಿಕೊಳ್ಳುವ ಹೊತ್ತಿನಿಂದ 24–30 ಗಂಟೆಗೆ ಅಂಡ ಬಿಡುಗಡೆ. ಬೆದೆ 24 ಗಂಟೆ ಮೀರಿ ಎಳೆಯುವ ಹಸುವಾದರೆ ವೀರ್ಯದ ಜೊತೆಗೇ ಅಂಡ ಬಿಡಿಸುವ ಬ್ಯೂಸೆರೆಲಿನ್ ಎಂಬ ಹಾರ್ಮೋನು 10 ಮೈಕ್ರೊಗ್ರಾಂ ಕೊಡುವ ಪದ್ಧತಿ ಇದೆ. ಪ್ರೊಜೆಸ್ಟರಾನಿನ ಆಸರೆ ಬೇಕೇ ಬೇಕು ಎನಿಸಿದರೆ ಐದನೇ ದಿನ ಎಚ್‌ಸಿಜಿ ಎಂಬ ಹಾರ್ಮೋನು 1,500ರಿಂದ 3,000 ಐಯು (ಔಷಧಿ ಅಳೆಯುವ ಯೂನಿಟ್) ಕೊಟ್ಟು ಇನ್ನೊಂದು ಹಳದಿ ಗಂಟು ಬೆಳೆಸುವುದು, ಇಲ್ಲವೇ ಅದೇ ದಿನದಿಂದ ಒಂದು ವಾರ ಯೋನಿಯೊಳಗೆ ಪ್ರೊಜೆಸ್ಟರಾನ್ ಸಾಧನ ಇಡುವುದು. ಗರ್ಭಕೋಶ ಶುಚಿಯಾಗಿದ್ದು ಹಳದಿ ಗಂಟು ದುರ್ಬಲವಾಗಿರುವ ಹಸುಗಳಲ್ಲಿ ಇದು ನೆರವಾಗುತ್ತದೆ, ಎಲ್ಲ ಹಸುಗಳಲ್ಲಿ ಅಲ್ಲ. ಭರವಸೆ ಕೊಟ್ಟು ಮಾರುವ ಚಿಕಿತ್ಸೆ ಇದಲ್ಲ. ತುಂಬಾ ಹೆಚ್ಚು ಹಾಲು ಕರೆಯುವ ಹಸುಗಳಲ್ಲಿ ಹೆಚ್ಚು ಮೇವಿನಿಂದ ಯಕೃತ್ತಿಗೆ ರಕ್ತ ಹೆಚ್ಚು ಹರಿದು, ಹಾರ್ಮೋನು ಬೇಗ ಕರಗಿಹೋಗುತ್ತದೆ. ನಿಮ್ಮ 12 ಲೀಟರಿನ ಹಸುವಿಗೆ ಆ ತೊಂದರೆ ಇರಲಾರದು. ಮೇಲಿನ ಪ್ರಮಾಣಗಳು ವೈದ್ಯರ ಜೊತೆ ಮಾತಾಡಲು ನಿಮಗೆ ತಿಳಿದಿರಲಿ ಎಂದು ಬರೆದದ್ದು, ಅಂಗಡಿಯಿಂದ ತಂದು ಹಾಕಲು ಅಲ್ಲ.

ಬೆದೆ ಬರಲಿಲ್ಲ ಎಂಬುದನ್ನೇ ಗಬ್ಬದ ಗುರುತೆಂದು ಎಣಿಸಬೇಡಿ. 30ನೇ ದಿನದ ಸ್ಕ್ಯಾನಿಂಗ್, ಅದು ಸಿಗದಿದ್ದರೆ 60ನೇ ದಿನ ಕೈ ಪರೀಕ್ಷೆ. ಶುಚಿಯಾದ ಎರಡು ಬೆದೆಗಳಲ್ಲಿ ಸರಿಯಾದ ಹೊತ್ತಿಗೆ ಕೊಡಿಸಿಯೂ ನಿಲ್ಲದಿದ್ದರೆ ಅಂಡನಾಳ ಮುಚ್ಚಿದೆಯೇ ಎಂದು ನೋಡಿಸಿ, ಇಟ್ಟುಕೊಳ್ಳುವ ಬಿಡುವ ಲೆಕ್ಕ ಆಮೇಲೆ ಹಾಕಿ.

ಹಾಲಿನ ವಿಷಯ ಮನೆಯವರಿಗೆ ಹೀಗೆ ಹೇಳಿ: ಪ್ರೊಜೆಸ್ಟರಾನ್ ಹಾಲಿನಲ್ಲಿ ಯಾವಾಗಲೂ ಇರುತ್ತದೆ, ಗಬ್ಬದ ಹಸುವಿನ ಹಾಲಿನಲ್ಲಿ ಬೆದೆಯ ದಿನಕ್ಕಿಂತ ಹಲವು ಪಟ್ಟು ಹೆಚ್ಚೇ ಇರುತ್ತದೆ, ನಾವೆಲ್ಲ ಕುಡಿಯುತ್ತಲೇ ಬಂದಿದ್ದೇವೆ. ಕೃತಕ ಹಾರ್ಮೋನು ಕೊಟ್ಟಾಗ ಬಾಟಲಿಯ ಚೀಟಿಯಲ್ಲಿ ಹಾಲು ಬಳಸದೆ ಬಿಡಬೇಕಾದ ದಿನ ಬರೆದಿದೆಯೇ ಓದಿ. ನಿಜವಾಗಿ ಕಟ್ಟುನಿಟ್ಟಾಗಿ ಲೆಕ್ಕ ಇಡಬೇಕಾದದ್ದು ಗರ್ಭಕೋಶಕ್ಕೆ ಹಾಕುವ ಆ್ಯಂಟಿಬಯೋಟಿಕ್‌ಗೆ. ಚೀಟಿಯಲ್ಲಿ ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.